ರೂಟ್‌ನಿಂದ ಇಳಿಯುವುದು ಹೇಗೆ: ಪ್ರೋಸೆಸ್‌ನ ಯೂಸರ್, ಗ್ರೂಪ್ ಬದಲಿಸುವ ಸರಿಯಾದ ಕ್ರಮ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿ ಅಂದುಕೊಳ್ಳಿ. ಎಲೆಕ್ಟ್ರಾನಿಕ್ ತೂಕದ ಯಂತ್ರದಿಂದ ಹೊರಟ ಸೀರಿಯಲ್ ಕೇಬಲ್ ಯುಎಸ್‌ಬಿ ಅಡಾಪ್ಟರ್ ಮೂಲಕ ಒಂದು ಲಿನಕ್ಸ್ ಕಂಪ್ಯೂಟರಿಗೆ ಸೇರಿದೆ. 15 ಕೆ.ಜಿ. ಬಾಕ್ಸುಗಳ ತೂಕವನ್ನು ಓದಿ, ಲಾಗ್‌ಗೆ ಬರೆದು, ವೆಬ್ ಪುಟದಲ್ಲಿ ತೋರಿಸುವ ಪ್ರೋಗ್ರಾಂ ಅದರಲ್ಲಿ ಓಡುತ್ತಿದೆ. ಅದಕ್ಕೆ ಮೂರು ವಸ್ತು ಬೇಕು. ಒಂದು, ವೆಬ್ ಪುಟ ಕೊಡುವ 80ನೇ ಪೋರ್ಟ್. 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಹಿಡಿಯಲು ಮಾಮೂಲಿ ಯೂಸರ್‌ಗೆ ಲಿನಕ್ಸ್ ಬಿಡುವುದಿಲ್ಲ. ಎರಡು, ಸೀರಿಯಲ್ ಪೋರ್ಟ್. ಡೆಬಿಯನ್, ಉಬುಂಟುಗಳಲ್ಲಿ ಅದರ ಮಾಲೀಕ ರೂಟ್ (ಎಲ್ಲ ಅಧಿಕಾರವೂ ಇರುವ 0 ನಂಬರಿನ ಯೂಸರ್), ಗ್ರೂಪ್ ಡಯಲ್‌ಔಟ್, ಪರ್ಮಿಷನ್ 660, ಅಂದರೆ ಮಾಲೀಕ ಮತ್ತು ಗ್ರೂಪ್ ಮಾತ್ರ ಓದಿ ಬರೆಯಬಹುದು. ಮೂರು, ಪಾವತಿ ಸರ್ವರ್ ಜೊತೆ ಮಾತಾಡುವ ಗುಪ್ತ ಕೀ. ಅದಿರುವ ಫೈಲನ್ನು ರೂಟ್ ಬಿಟ್ಟು ಯಾರೂ ಓದುವಂತಿಲ್ಲ.

ಮೂರಕ್ಕೂ ಒಂದೇ ಮದ್ದು ಎಂದು ಪ್ರೋಗ್ರಾಂ ಅನ್ನು ಕೊನೆತನಕ ರೂಟ್ ಆಗಿಯೇ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಕೆಲಸವೇನೋ ಆಗುತ್ತದೆ. ಆದರೆ ವೆಬ್ ಪುಟದಲ್ಲಿ ಒಂದು ಸಣ್ಣ ತೂತು ಸಿಕ್ಕಿದರೆ ಸಾಕು, ಹೊರಗಿನವನ ಕೈಗೆ ಹೋಗುವುದು ತೂಕದ ಪುಟವಷ್ಟೇ ಅಲ್ಲ, ಇಡೀ ಯಂತ್ರ. ಆದ್ದರಿಂದ ರೂಟ್ ಆಗಿ ಶುರುವಾಗಿ, ಬೇಕಾದ್ದನ್ನು ಹಿಡಿದುಕೊಂಡು, ಆಮೇಲೆ ‘ಮಂಡಿ’ ಎಂಬ ಬಡಪಾಯಿ ಯೂಸರ್ ಆಗಿ ಇಳಿಯಬೇಕು. ಹೀಗೆ ಇಳಿಯುವ ಕೋಡ್ ಐದಾರು ಸಾಲಿಗಿಂತ ಹೆಚ್ಚಿಲ್ಲ. ಅಷ್ಟರಲ್ಲೇ ತಪ್ಪುವವರು ಜಾಸ್ತಿ, ಮತ್ತು ತಪ್ಪಿದ್ದು ಹೊರಗೆ ಕಾಣುವುದೂ ಇಲ್ಲ. ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿರುತ್ತದೆ.

ಇಲ್ಲಿ ಕಮಾಂಡ್, ಫಂಕ್ಷನ್ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಟರ್ಮಿನಲ್ಲಿನಲ್ಲಿ, ಕೋಡಿನಲ್ಲಿ ಮಾಮೂಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಒಂದು ನಂಬರ್ ಅಲ್ಲ, ನಾಲ್ಕು

‘ಈ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಯಾರದು’ ಎಂಬ ಪ್ರಶ್ನೆಗೆ ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಸಿಸ್ಟಂನ ತಿರುಳಿನಲ್ಲಿ, ಒಂದೇ ಉತ್ತರವಿಲ್ಲ. ಪ್ರತಿ ಪ್ರೋಸೆಸ್‌ಗೂ ನಾಲ್ಕು ಯೂಸರ್ ನಂಬರ್‌ಗಳಿವೆ (ಯುಐಡಿ ಎಂದರೆ ಯೂಸರ್ ನಂಬರ್, ಜಿಐಡಿ ಎಂದರೆ ಗ್ರೂಪ್ ನಂಬರ್). ರಿಯಲ್ ಯುಐಡಿ ಎಂದರೆ ಪ್ರೋಗ್ರಾಂ ಅನ್ನು ಓಡಿಸಿದವರು ಯಾರು ಎಂಬುದು. ಎಫೆಕ್ಟಿವ್ ಯುಐಡಿ ಎಂದರೆ ಈ ಕ್ಷಣದಲ್ಲಿ ಯಾರ ಅಧಿಕಾರ ನಡೆಯುತ್ತಿದೆ ಎಂಬುದು. ಸೇವ್ಡ್ ಯುಐಡಿ ಎಂದರೆ ಬೇಕಾದಾಗ ವಾಪಸ್ ಹೋಗಲು ಪಕ್ಕದಲ್ಲಿ ಇಟ್ಟುಕೊಂಡ ನಂಬರ್. ನಾಲ್ಕನೆಯದು ಫೈಲ್‌ಸಿಸ್ಟಂ ಯುಐಡಿ. ಫೈಲ್ ತೆರೆಯುವಾಗ ನಿಜವಾಗಿ ನೋಡುವುದು ಇದನ್ನು, ಆದರೆ ಇದು ಸದಾ ಎಫೆಕ್ಟಿವ್ ಬದಲಾದಂತೆ ತಾನೂ ಬದಲಾಗುವುದರಿಂದ ನೀವು ಇದನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಹಿಂದೆ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಎನ್‌ಎಫ್‌ಎಸ್ ಸರ್ವರ್‌ಗೋಸ್ಕರ ಹುಟ್ಟಿದ್ದು, ಈಗ ಅದಕ್ಕೂ ಬೇಕಾಗಿಲ್ಲ.

ಗ್ರೂಪ್‌ಗೂ ಇದೇ ನಾಲ್ಕು ಉಂಟು. ಅದರ ಮೇಲೆ ಸಪ್ಲಿಮೆಂಟರಿ (ಹೆಚ್ಚುವರಿ) ಗ್ರೂಪ್‌ಗಳ ಒಂದು ಪಟ್ಟಿ. ತಪ್ಪುಗಳಲ್ಲಿ ಅರ್ಧ ಈ ಪಟ್ಟಿಯನ್ನು ಮರೆಯುವುದರಿಂದಲೇ ಆಗುತ್ತವೆ.

ಕಣ್ಣಾರೆ ನೋಡಿ. ಒಂದು ಟರ್ಮಿನಲ್ಲಿನಲ್ಲಿ ‘ಪಾಸ್‌ಡಬ್ಲ್ಯೂಡಿ’ ಕಮಾಂಡ್ ಕೊಟ್ಟು, ಹಳೆಯ ಪಾಸ್‌ವರ್ಡ್ ಕೇಳುವಾಗ ಏನೂ ಒತ್ತದೆ ಹಾಗೇ ಬಿಡಿ. ಇನ್ನೊಂದು ಟರ್ಮಿನಲ್ಲಿನಲ್ಲಿ ‘ಪಿಗ್ರೆಪ್ ಪಾಸ್‌ಡಬ್ಲ್ಯೂಡಿ’ ಎಂದು ಅದರ ಪ್ರೋಸೆಸ್ ನಂಬರ್ ಹಿಡಿದು, ‘ಪ್ರಾಕ್’ ಡೈರೆಕ್ಟರಿಯಲ್ಲಿ ಆ ನಂಬರಿನ ಒಳಗಿರುವ ‘ಸ್ಟೇಟಸ್’ ಫೈಲ್ ತೆರೆಯಿರಿ. ಅಲ್ಲಿ ಹೀಗೊಂದು ಸಾಲಿದೆ:

ಯುಐಡಿ: 1000 0 0 0

ಸಾಲಿನ ಕ್ರಮ ರಿಯಲ್, ಎಫೆಕ್ಟಿವ್, ಸೇವ್ಡ್, ಫೈಲ್‌ಸಿಸ್ಟಂ. ಓಡಿಸಿದ್ದು 1000ನೇ ಯೂಸರ್, ನಡೆಯುತ್ತಿರುವುದು ರೂಟ್‌ನ ಅಧಿಕಾರ. ಅದೇ ಫೈಲಿನಲ್ಲಿ ‘ಜಿಐಡಿ’, ‘ಗ್ರೂಪ್ಸ್’ ಸಾಲುಗಳೂ ಇವೆ. ಮುಂದೆ ಏನು ಬರೆದರೂ ಕೊನೆಗೆ ಈ ಮೂರು ಸಾಲು ನೋಡಿಯೇ ನಂಬಿ. ‘ಪಿಎಸ್’ ಮಾಮೂಲಿಯಾಗಿ ತೋರಿಸುವುದು ಎಫೆಕ್ಟಿವ್ ಯೂಸರ್ ಒಂದನ್ನೇ. ಅದರಲ್ಲಿ ‘ಮಂಡಿ’ ಎಂದು ಕಂಡರೂ ಸೇವ್ಡ್ ಜಾಗದಲ್ಲಿ 0 ಕೂತಿರಬಹುದು.

ಕರ್ನಲ್‌ಗೆ ಹೆಸರುಗಳು ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಹೆಸರನ್ನು ನಂಬರಿಗೆ ಹೊಂದಿಸುವುದೆಲ್ಲ ಕರ್ನಲ್‌ನ ಹೊರಗೆ, ‘ಇಟಿಸಿ’ಯೊಳಗಿನ ಪಾಸ್‌ವರ್ಡ್ ಮತ್ತು ಗ್ರೂಪ್ ಫೈಲುಗಳಲ್ಲಿ. ಒಂದು ಕಂಪ್ಯೂಟರಿನ ಡಿಸ್ಕನ್ನು ಇನ್ನೊಂದಕ್ಕೆ ಹಾಕಿದಾಗ ಫೈಲುಗಳು ಬೇರೆಯವರ ಹೆಸರಲ್ಲಿ ಕಾಣುವುದಕ್ಕೆ, ಕಂಟೇನರ್ (ತನ್ನದೇ ಫೈಲುಗಳೊಂದಿಗೆ ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆ) ಒಳಗೆ ಡಯಲ್‌ಔಟ್ ಇದ್ದರೂ ಸೀರಿಯಲ್ ಪೋರ್ಟ್ ಸಿಗದಿರುವುದಕ್ಕೆ ಇದೇ ಕಾರಣ. ಡೆಬಿಯನ್‌ನಲ್ಲಿ ಡಯಲ್‌ಔಟ್ ನಂಬರ್ 20. ಕಂಟೇನರಿನ ಇಮೇಜ್ ಬೇರೆ ಡಿಸ್ಟ್ರೋದ್ದಾಗಿದ್ದರೆ (ಲಿನಕ್ಸ್‌ನ ಬೇರೆ ಬಗೆ) ಅಲ್ಲಿ ಅದು ಬೇರೆ ನಂಬರ್ ಆಗಿರಬಹುದು.

ಯಾವ ಕಾಲ್ ಏನು ಮಾಡುತ್ತದೆ

ಸೆಟ್‌ಯುಐಡಿ: ಇದೊಂದು ಎರಡು ನಾಲಿಗೆಯ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆ). ರೂಟ್ ಅಧಿಕಾರವಿದ್ದಾಗ, ಸರಿಯಾಗಿ ಹೇಳಬೇಕೆಂದರೆ ‘ಕ್ಯಾಪ್ ಸೆಟ್‌ಯುಐಡಿ’ ಕೇಪಬಿಲಿಟಿ (ರೂಟ್ ಅಧಿಕಾರದ ಒಂದು ಬಿಡಿ ತುಂಡು) ಇದ್ದಾಗ, ರಿಯಲ್, ಎಫೆಕ್ಟಿವ್, ಸೇವ್ಡ್ ಮೂರನ್ನೂ ಒಟ್ಟಿಗೆ ಬದಲಿಸುತ್ತದೆ. ಅಧಿಕಾರ ಇಲ್ಲದಾಗ ಎಫೆಕ್ಟಿವ್ ಒಂದನ್ನೇ ಬದಲಿಸುತ್ತದೆ, ಅದೂ ಕೇಳಿದ ನಂಬರ್ ಈಗಿನ ರಿಯಲ್ ಅಥವಾ ಸೇವ್ಡ್‌ಗೆ ಸಮನಾಗಿದ್ದರೆ ಮಾತ್ರ.

ಸೆಟ್‌ಇಯುಐಡಿ: ಎಫೆಕ್ಟಿವ್ ಮಾತ್ರ. ತಾತ್ಕಾಲಿಕವಾಗಿ ಇಳಿದು ಮತ್ತೆ ಏರಲು ಇದು.

ಸೆಟ್‌ಆರ್‌ಇಯುಐಡಿ: ಬಿಎಸ್‌ಡಿಯಿಂದ ಬಂದ ಹಳೆಯದು. ರಿಯಲ್, ಎಫೆಕ್ಟಿವ್ ಎರಡನ್ನೂ ಕೊಡುತ್ತೀರಿ. ಸೇವ್ಡ್ ಏನಾಗುತ್ತದೆ ಎಂಬುದಕ್ಕೆ ಬೇರೆ ನಿಯಮವಿದೆ. ಹೊಸ ಕೋಡಿನಲ್ಲಿ ಬೇಡ.

ಸೆಟ್‌ರೆಸ್‌ಯುಐಡಿ: ರಿಯಲ್, ಎಫೆಕ್ಟಿವ್, ಸೇವ್ಡ್ ಮೂರನ್ನೂ ನೀವೇ ಬಾಯಿಬಿಟ್ಟು ಹೇಳುತ್ತೀರಿ. ಒಳಗೊಳಗೆ ಊಹೆ ಇಲ್ಲ. ಲಿನಕ್ಸ್‌ನಲ್ಲಿ ಕೆಲಸ ಮಾಡುವವರು ಇದೊಂದನ್ನೇ ಬಳಸುವ ಅಭ್ಯಾಸ ಮಾಡಿಕೊಂಡರೆ ಮುಕ್ಕಾಲು ತಲೆನೋವು ಹೋಗುತ್ತದೆ. ಒಂದೇ ಎಚ್ಚರ: ಇಲ್ಲಿ -1 ಎಂದರೆ ‘ಇದ್ದದ್ದು ಇದ್ದ ಹಾಗೇ ಇರಲಿ’ ಎಂದರ್ಥ.

ಆ -1 ಎಷ್ಟು ದುಬಾರಿ ಎಂಬುದಕ್ಕೆ 2019ರ ಅಕ್ಟೋಬರಿನಲ್ಲಿ ಹೊರಬಂದ ಸುಡೋ (ಬೇರೆ ಯೂಸರ್ ಆಗಿ ಕಮಾಂಡ್ ಓಡಿಸುವ ಪ್ರೋಗ್ರಾಂ) ದೋಷವೇ ಸಾಕ್ಷಿ. ‘ರೂಟ್ ಬಿಟ್ಟು ಯಾರಾಗಿ ಬೇಕಾದರೂ ಓಡಿಸಬಹುದು’ ಎಂದು ಸುಡೋ ನಿಯಮದಲ್ಲಿ ಬರೆದಿದ್ದ ಕಡೆ, ಯೂಸರ್ ನಂಬರ್ ಜಾಗದಲ್ಲಿ -1 ಕೊಟ್ಟರೆ ಸುಡೋ ಅದನ್ನು ಹಾಗೇ ಸೆಟ್‌ರೆಸ್‌ಯುಐಡಿಗೆ ದಾಟಿಸುತ್ತಿತ್ತು. ಕರ್ನಲ್ ‘ಸರಿ, ಬದಲಾವಣೆ ಬೇಡ’ ಎಂದುಕೊಳ್ಳುತ್ತಿತ್ತು. ಸುಡೋ ಆಗ ರೂಟ್ ಆಗಿಯೇ ಇರುವುದರಿಂದ ಕಮಾಂಡ್ ಓಡುತ್ತಿದ್ದದ್ದೂ ರೂಟ್ ಆಗಿಯೇ. 1.8.28ನೇ ಆವೃತ್ತಿಯಲ್ಲಿ ಸರಿಪಡಿಸಿದರು. ನಿಮ್ಮ ಪ್ರೋಗ್ರಾಂ ಯುಐಡಿಯನ್ನು ಕಾನ್ಫಿಗ್ ಫೈಲಿನಿಂದ ಓದುತ್ತಿದ್ದರೆ 0 ಮತ್ತು -1 ಎರಡನ್ನೂ ಮೊದಲೇ ತಿರಸ್ಕರಿಸಿ.

ಗ್ರೂಪ್‌ಗೂ ಇವೇ ಹೆಸರು, ಯುಐಡಿ ಬದಲು ಜಿಐಡಿ. ಜೊತೆಗೆ ಎರಡು: ಸಪ್ಲಿಮೆಂಟರಿ ಪಟ್ಟಿಯನ್ನು ನೇರವಾಗಿ ಕೊಡುವ ಸೆಟ್‌ಗ್ರೂಪ್ಸ್, ಮತ್ತು ಯೂಸರ್ ಹೆಸರು ಕೊಟ್ಟರೆ ಗ್ರೂಪ್ ಫೈಲ್ ಓದಿ ತಾನೇ ಪಟ್ಟಿ ತುಂಬುವ ಇನಿಟ್‌ಗ್ರೂಪ್ಸ್.

ಇಳಿಯುವ ಕ್ರಮ

ಮೊದಲು ಯೂಸರ್ ಇರಬೇಕು. ‘ಯೂಸರ್‌ಆಡ್’ಗೆ -ಆರ್ ಕೊಟ್ಟರೆ ಸಿಸ್ಟಂ ಯೂಸರ್ ಆಗುತ್ತದೆ, ಶೆಲ್ ಜಾಗದಲ್ಲಿ ‘ನೋಲಾಗಿನ್’ ಇಡಿ. ನಮ್ಮ ಉದಾಹರಣೆಯಲ್ಲಿ ಮಂಡಿ ಯೂಸರ್‌ಗೂ ಅದರ ಗ್ರೂಪ್‌ಗೂ 998 ಬಂದಿದೆ ಎಂದಿಟ್ಟುಕೊಳ್ಳೋಣ. ನಂತರ ‘ಯೂಸರ್‌ಮಾಡ್ -ಎಜಿ ಡಯಲ್‌ಔಟ್ ಮಂಡಿ’. ಇದರಲ್ಲಿ ಚಿಕ್ಕ ‘ಎ’ ಬಿಟ್ಟು ಬರೀ ದೊಡ್ಡ ‘ಜಿ’ ಕೊಟ್ಟರೆ ಆ ಯೂಸರ್ ಬೇರೆ ಎಲ್ಲ ಸಪ್ಲಿಮೆಂಟರಿ ಗ್ರೂಪ್‌ಗಳಿಂದಲೂ ಹೊರಬೀಳುತ್ತಾನೆ. ನಿಮ್ಮ ಸ್ವಂತ ಲಾಗಿನ್ ಮೇಲೆ ಹೀಗೆ ಮಾಡಿಕೊಂಡರೆ ಸುಡೋ ಗ್ರೂಪೂ ಹೋಯಿತು; ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ.

ಇನ್ನು ಕೋಡ್. ಸಿ ಭಾಷೆಯಲ್ಲಿ ಬರೆದರೂ ಪೈಥಾನ್‌ನ ‘ಓಎಸ್’ ಮಾಡ್ಯೂಲ್‌ನಲ್ಲಿ ಬರೆದರೂ ಕಾಲ್‌ಗಳ ಹೆಸರು ಒಂದೇ.

1. ಮಂಡಿ ಯೂಸರ್‌ನ ಯುಐಡಿ, ಜಿಐಡಿಗಳನ್ನು ಗೆಟ್‌ಪಿಡಬ್ಲ್ಯೂನ್ಯಾಮ್ (ಪೈಥಾನ್‌ನಲ್ಲಿ ಇದು ‘ಪಿಡಬ್ಲ್ಯೂಡಿ’ ಮಾಡ್ಯೂಲ್‌ನದು) ಮೂಲಕ ಮೊದಲೇ ಓದಿಟ್ಟುಕೊಳ್ಳಿ. ಯೂಸರ್ ಸಿಗದಿದ್ದರೆ ಅಲ್ಲೇ ನಿಲ್ಲಿಸಿ. ‘ಸಿಗಲಿಲ್ಲ, ಹಾಗೇ ಮುಂದುವರಿಯೋಣ’ ಎಂಬ ಕೋಡ್ ಎಂದರೆ ರೂಟ್ ಆಗಿ ಮುಂದುವರಿಯುವುದು ಎಂದೇ ಅರ್ಥ.

2. ರೂಟ್‌ನಿಂದ ಆಗಬೇಕಾದ್ದನ್ನು ಮಾಡಿ ಮುಗಿಸಿ: 80ನೇ ಪೋರ್ಟ್ ಹಿಡಿಯಿರಿ, ಕೀ ಫೈಲ್ ಓದಿ ಮುಚ್ಚಿ.

3. ಇನಿಟ್‌ಗ್ರೂಪ್ಸ್‌ಗೆ ‘ಮಂಡಿ’ ಎಂಬ ಹೆಸರು ಮತ್ತು ಅದರ ಜಿಐಡಿ ಕೊಡಿ. ಪಟ್ಟಿಗೆ 998, 20 ಬರುತ್ತವೆ.

4. ಸೆಟ್‌ರೆಸ್‌ಜಿಐಡಿಗೆ 998, 998, 998.

5. ಸೆಟ್‌ರೆಸ್‌ಯುಐಡಿಗೆ 998, 998, 998.

6. ಇಳಿದದ್ದು ನಿಜವೇ ಎಂದು ಪರೀಕ್ಷಿಸಿ. ಗೆಟ್‌ರೆಸ್‌ಯುಐಡಿ, ಗೆಟ್‌ರೆಸ್‌ಜಿಐಡಿ ಮೂರೂ ಕಡೆ 998 ಹೇಳಬೇಕು. ಆಮೇಲೆ ಬೇಕೆಂದೇ ಸೆಟ್‌ಇಯುಐಡಿಗೆ 0 ಕೊಟ್ಟು ನೋಡಿ. ಅದು ‘ಇಪರ್ಮ್’ (ಅನುಮತಿ ಇಲ್ಲ) ಎಂದು ಸೋಲಬೇಕು. ಗೆದ್ದರೆ ತಕ್ಷಣ ಅಬಾರ್ಟ್.

3, 4, 5ರ ಕ್ರಮ ಬದಲಿಸುವಂತಿಲ್ಲ. ಯುಐಡಿಗಳಲ್ಲಿ ಒಂದಾದರೂ 0 ಇದ್ದದ್ದು ಹೋಗಿ ಮೂರೂ 0 ಅಲ್ಲದ್ದಾದ ಕ್ಷಣ ಕರ್ನಲ್ ಆ ಪ್ರೋಸೆಸ್‌ನ ಕೇಪಬಿಲಿಟಿಗಳನ್ನೆಲ್ಲ ಕಿತ್ತುಕೊಳ್ಳುತ್ತದೆ. ಗ್ರೂಪ್ ಬದಲಿಸಲು ಬೇಕಾದ ‘ಕ್ಯಾಪ್ ಸೆಟ್‌ಜಿಐಡಿ’ಯೂ ಅದರ ಜೊತೆಗೇ ಹೋಗುತ್ತದೆ. ಯುಐಡಿ ಮೊದಲು ಬಿಟ್ಟವರು ಆಮೇಲೆ ಗ್ರೂಪ್ ಬಿಡಲಾರರು. ಕಾಲ್ ಸೋಲುತ್ತದೆ, ವಾಪಸ್ ಬಂದ ಬೆಲೆ ನೋಡದ ಕೋಡ್ ಮುಂದೆ ಹೋಗುತ್ತದೆ, ಪ್ರೋಸೆಸ್ 0ನೇ ಗ್ರೂಪ್‌ನಲ್ಲೇ ಉಳಿಯುತ್ತದೆ. ರೂಟ್ ಗ್ರೂಪ್ ಓದಬಹುದಾದ, ಬರೆಯಬಹುದಾದ ಎಲ್ಲ ಫೈಲುಗಳೂ ಅದಕ್ಕೆ ತೆರೆದಿರುತ್ತವೆ.

3ನೇ ಹೆಜ್ಜೆಯನ್ನೇ ಬಿಟ್ಟರೂ ಹೆಚ್ಚುಕಡಿಮೆ ಇದೇ ಗತಿ. ಸೆಟ್‌ಜಿಐಡಿ ಸಪ್ಲಿಮೆಂಟರಿ ಪಟ್ಟಿಯನ್ನು ಮುಟ್ಟುವುದೇ ಇಲ್ಲ; ಶುರುವಿನಲ್ಲಿ ಯಾವ ಗ್ರೂಪ್‌ಗಳಿದ್ದವೋ ಅವೇ ಮುಂದುವರಿಯುತ್ತವೆ. ಎಲ್ಲ ಸರಿಯಾಗಿದ್ದರೆ ಸ್ಟೇಟಸ್ ಫೈಲಿನ ಯುಐಡಿ, ಜಿಐಡಿ ಸಾಲುಗಳಲ್ಲಿ ನಾಲ್ಕು ನಾಲ್ಕು ಸಲ 998, ಗ್ರೂಪ್ಸ್ ಸಾಲಿನಲ್ಲಿ ‘20 998’ ಇರುತ್ತದೆ. ಅಲ್ಲೆಲ್ಲೂ 0 ಕಾಣಬಾರದು.

ಗೆದ್ದಂತೆ ಕಂಡು ಸೋಲುವ ಸಂದರ್ಭಗಳು

ಮೊದಲು ಸೆಟ್‌ಇಯುಐಡಿ ಮಾಡಿ, ಆಮೇಲೆ ‘ಪೂರ್ತಿ ಬಿಡೋಣ’ ಎಂದು ಸೆಟ್‌ಯುಐಡಿ ಮಾಡುವುದು ಬಹಳ ಹಳೆಯ ಗುಂಡಿ. ರೂಟ್ ಆಗಿ ಶುರುವಾದ ಡೀಮನ್‌ನ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂನ) ಸ್ಥಿತಿ ರಿಯಲ್, ಎಫೆಕ್ಟಿವ್, ಸೇವ್ಡ್ ಕ್ರಮದಲ್ಲಿ 0, 0, 0. ಸೆಟ್‌ಇಯುಐಡಿ 998 ಎಂದಾಗ 0, 998, 0 ಆಗುತ್ತದೆ, ಎಫೆಕ್ಟಿವ್ ಕೇಪಬಿಲಿಟಿಗಳು ಹೋಗುತ್ತವೆ. ಈಗ ಸೆಟ್‌ಯುಐಡಿ 998 ಎಂದರೆ ಅಧಿಕಾರವಿಲ್ಲದವರ ನಿಯಮ ಅನ್ವಯ: 998 ಎಂಬುದು ರಿಯಲ್ಲೂ ಅಲ್ಲ, ಸೇವ್ಡ್ಡೂ ಅಲ್ಲ, ಆದ್ದರಿಂದ ಇಪರ್ಮ್. ಅದಾದರೂ ಸೋತು ಹೇಳುತ್ತದೆ. ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಫೈಲಿನ ಮಾಲೀಕನ ಅಧಿಕಾರ ಕೊಡುವ ಗುರುತು) ಇರುವ ರೂಟ್‌ನ ಪ್ರೋಗ್ರಾಂ ಅನ್ನು 1000ನೇ ಯೂಸರ್ ಓಡಿಸಿದಾಗ ಇನ್ನೂ ಕೆಟ್ಟದ್ದು. ಶುರುವಿನ ಸ್ಥಿತಿ 1000, 0, 0. ಸೆಟ್‌ಇಯುಐಡಿ 1000 ಆದ ಮೇಲೆ 1000, 1000, 0. ಈಗ ಸೆಟ್‌ಯುಐಡಿ 1000 ಎಂದರೆ ಕಾಲ್ ಗೆಲ್ಲುತ್ತದೆ, ಆದರೆ ಏನೂ ಬದಲಾಗುವುದಿಲ್ಲ. ಸೇವ್ಡ್‌ನಲ್ಲಿ 0 ಹಾಗೇ ಇದೆ. ಪ್ರೋಗ್ರಾಂ ಒಳಗೆ ಹೊಕ್ಕವನು ಒಂದು ಸೆಟ್‌ಇಯುಐಡಿಯಿಂದ ಮತ್ತೆ ರೂಟ್. ಮೇಲೆ 6ನೇ ಹೆಜ್ಜೆ ಇಟ್ಟಿರುವುದೇ ಇದಕ್ಕೋಸ್ಕರ. ಪೂರ್ತಿ ಬಿಡುವ ಮುನ್ನ ತಾತ್ಕಾಲಿಕವಾಗಿ ಇಳಿದಿದ್ದರೆ ಮೊದಲು ಮತ್ತೆ 0ಕ್ಕೆ ಏರಿ, ಅಲ್ಲಿಂದ ಸೆಟ್‌ರೆಸ್‌ಯುಐಡಿ ಮೂಲಕ ಒಂದೇ ಸಲ ಇಳಿಯಿರಿ. ತಾತ್ಕಾಲಿಕವಾಗಿ ಇಳಿಯುವಾಗಲೂ ಗ್ರೂಪ್ ಮೊದಲು, ಯೂಸರ್ ಆಮೇಲೆ. ಏರುವಾಗ ಯೂಸರ್ ಮೊದಲು, ಗ್ರೂಪ್ ಆಮೇಲೆ.

ವಾಪಸ್ ಬಂದ ಬೆಲೆಯನ್ನು ನೋಡಲೇಬೇಕು ಎಂಬುದು ಶಿಷ್ಟಾಚಾರದ ಮಾತಲ್ಲ. ರೂಟ್ ಕರೆದರೂ ಸೆಟ್‌ಯುಐಡಿ ಸೋಲಬಹುದು. ಲಿನಕ್ಸ್ 3.1ಕ್ಕಿಂತ ಮುಂಚೆ, ಇಳಿಯಬೇಕಾದ ಯೂಸರ್‌ನ ಪ್ರೋಸೆಸ್ ಸಂಖ್ಯೆಯ ಮಿತಿ ಮುಗಿದಿದ್ದರೆ ಈ ಕಾಲ್ ‘ಇಅಗೇನ್’ (ಆಮೇಲೆ ಪ್ರಯತ್ನಿಸಿ) ಎಂದು ಸೋಲುತ್ತಿತ್ತು. 2010ರಲ್ಲಿ ಆಂಡ್ರಾಯ್ಡ್ ಫೋನುಗಳನ್ನು ರೂಟ್ ಮಾಡಿದ ಒಂದು ದಾಳಿ ಇದನ್ನೇ ಹಿಡಿದಿತ್ತು. ಶೆಲ್ ಯೂಸರ್‌ನ ಹೆಸರಿನಲ್ಲಿ ಮಿತಿ ತುಂಬುವಷ್ಟು ಪ್ರೋಸೆಸ್ ಹುಟ್ಟುಹಾಕಿ ಕಂಪ್ಯೂಟರಿನಿಂದ ಫೋನ್ ನಿಯಂತ್ರಿಸಲು ಬಿಡುವ ‘ಎಡಿಬಿ’ ಡೀಮನ್ ಅನ್ನು ಮತ್ತೆ ಶುರುವಾಗಿಸಿದರೆ, ಅದು ರೂಟ್ ಆಗಿ ಎದ್ದು, ಶೆಲ್ ಯೂಸರ್ ಆಗಿ ಇಳಿಯಲು ಹೋಗಿ, ಸೋತು, ಸೋತದ್ದನ್ನು ನೋಡದೆ ರೂಟ್ ಆಗಿಯೇ ಮುಂದುವರಿಯುತ್ತಿತ್ತು. 3.1ರಿಂದ ಆ ಮಿತಿಯ ತಪಾಸಣೆಯನ್ನು ಮುಂದಿನ ಎಕ್ಸೆಕ್‌ಗೆ (ಹೊಸ ಪ್ರೋಗ್ರಾಂ ಓಡಿಸುವ ಕಾಲ್‌ಗೆ) ಮುಂದೂಡಿದ್ದಾರೆ. ಹಾಗೆಂದು ತಪಾಸಣೆ ಬಿಡಬೇಡಿ. ಸೋಲಲು ಬೇರೆ ಕಾರಣಗಳಿವೆ. 2000ರಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್‌ಗೆ ಆದದ್ದು ಬೇರೆ ಬಗೆ. ಆಗಿನ 2.2 ಕರ್ನಲ್‌ನಲ್ಲಿ ಮಾಮೂಲಿ ಯೂಸರ್ ಒಬ್ಬ ‘ಕ್ಯಾಪ್ ಸೆಟ್‌ಯುಐಡಿ’ಯನ್ನು ಕಳೆದು ಸೆಂಡ್‌ಮೇಲ್ ಓಡಿಸಬಹುದಿತ್ತು. ಅದು ಇಲ್ಲದೆ ಸೆಟ್‌ಯುಐಡಿ ಎಫೆಕ್ಟಿವ್ ಒಂದನ್ನೇ ಬದಲಿಸಿ ಗೆದ್ದೆ ಎನ್ನುತ್ತಿತ್ತು, ಸೇವ್ಡ್‌ನಲ್ಲಿ ರೂಟ್ ಉಳಿಯುತ್ತಿತ್ತು. ಕರ್ನಲ್ ದೋಷವನ್ನು 2.2.16ರಲ್ಲಿ ಮುಚ್ಚಿದರು. ಕಾಲ್ ಗೆದ್ದಿತೇ ಎಂದಷ್ಟೇ ನೋಡಿದರೆ ಸಾಲದು, ಫಲಿತಾಂಶವನ್ನೂ ಓದಿ ನೋಡಬೇಕು ಎನ್ನುವುದು ಇಂಥವನ್ನು ಕಂಡೇ.

ಥ್ರೆಡ್‌ಗಳ, ಅಂದರೆ ಒಂದೇ ಪ್ರೋಸೆಸ್ ಒಳಗೆ ಒಟ್ಟಿಗೆ ಓಡುವ ಎಳೆಗಳ ವಿಷಯ. ಕರ್ನಲ್ ದೃಷ್ಟಿಯಲ್ಲಿ ಈ ನಂಬರ್‌ಗಳೆಲ್ಲ ಪ್ರೋಸೆಸ್‌ಗೆ ಸೇರಿದವಲ್ಲ, ಒಂದೊಂದು ಥ್ರೆಡ್‌ಗೂ ಬೇರೆ ಬೇರೆ. ಸಿ ಲೈಬ್ರರಿಯ ಸೆಟ್‌ಯುಐಡಿ ಕರೆದಾಗ ಲೈಬ್ರರಿಯೇ ಒಳಗಿಂದ ಸಿಗ್ನಲ್ ಕಳಿಸಿ ಎಲ್ಲ ಥ್ರೆಡ್‌ಗಳಲ್ಲೂ ಬದಲಾವಣೆ ಮಾಡಿಸುತ್ತದೆ. ಲೈಬ್ರರಿ ಬಿಟ್ಟು ನೇರ ಸಿಸ್ಟಂ ಕಾಲ್ ಹೊಡೆದರೆ ಕರೆದ ಥ್ರೆಡ್ ಮಾತ್ರ ಇಳಿಯುತ್ತದೆ, ಉಳಿದವು ರೂಟ್ ಆಗಿಯೇ ಇರುತ್ತವೆ. ಗೋ ಭಾಷೆಯಲ್ಲಿ ಇದೇ ಕಾರಣಕ್ಕೆ ಲಿನಕ್ಸ್ ಮೇಲಿನ ಸೆಟ್‌ಯುಐಡಿಯನ್ನು ಬಹುಕಾಲ ಮುಚ್ಚಿಟ್ಟಿದ್ದರು, 1.16ರಲ್ಲಿ ಸರಿಮಾಡಿ ಕೊಟ್ಟರು. ಯಾವ ಭಾಷೆಯಾದರೂ ಥ್ರೆಡ್ ಹುಟ್ಟುವ ಮೊದಲೇ ಇಳಿದುಬಿಡುವುದು ಒಳ್ಳೆಯದು.

ಇಳಿದ ಮೇಲೆ ಕೈಕೊಡುವವು

ನಂಬರ್ ಬದಲಾದರೆ ಸುತ್ತಲಿನದು ತಾನಾಗಿ ಬದಲಾಗುವುದಿಲ್ಲ. ‘ಹೋಮ್’ ಎನ್ವಿರಾನ್‌ಮೆಂಟ್ ವೇರಿಯಬಲ್ ಇನ್ನೂ ರೂಟ್‌ನ ಮನೆಯನ್ನೇ ತೋರಿಸುತ್ತಿರುತ್ತದೆ, ಯಾವುದೋ ಲೈಬ್ರರಿ ಅಲ್ಲಿ ಕಾನ್ಫಿಗ್ ಹುಡುಕಲು ಹೋಗಿ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ನಿಂತಿರುವ ಡೈರೆಕ್ಟರಿ ರೂಟ್‌ನದ್ದಾದರೆ ಅದೂ ತೊಡಕು. ಹೋಮ್, ಯೂಸರ್, ಲಾಗ್‌ನೇಮ್ ವೇರಿಯಬಲ್‌ಗಳನ್ನು ತಿದ್ದಿ, ಚ್‌ಡಿರ್ ಮಾಡಿ (ಡೈರೆಕ್ಟರಿ ಬದಲಿಸಿ), ಯುಮಾಸ್ಕ್ (ಹೊಸ ಫೈಲುಗಳಿಂದ ಕಳೆಯುವ ಪರ್ಮಿಷನ್) 027 ಇಡಿ.

ತೆರೆದಿಟ್ಟ ಫೈಲುಗಳು ತೆರೆದೇ ಇರುತ್ತವೆ. ಪರ್ಮಿಷನ್ ತಪಾಸಣೆ ನಡೆಯುವುದು ಫೈಲ್ ತೆರೆಯುವಾಗ. ಆಮೇಲೆ ಓದುವಾಗ, ಬರೆಯುವಾಗ ಅಲ್ಲ. 80ನೇ ಪೋರ್ಟ್ ಇಳಿದ ಮೇಲೂ ಕೆಲಸ ಮಾಡುವುದು ಇದರಿಂದಲೇ. ಆದರೆ ಕೀ ಫೈಲನ್ನು ಮುಚ್ಚದೆ ಬಿಟ್ಟಿದ್ದರೆ ಅದೂ ಹಾಗೇ ಓದಲು ಸಿಗುತ್ತದೆ.

ಈ ಗುಣವೇ ಮಂಡಿಯಲ್ಲಿ ಒಂದು ವಿಚಿತ್ರ ತೊಂದರೆ ತರುತ್ತದೆ. ಸೀರಿಯಲ್ ಪೋರ್ಟನ್ನು ರೂಟ್ ಆಗಿದ್ದಾಗಲೇ ತೆರೆದಿಟ್ಟು, ಡಯಲ್‌ಔಟ್ ಗ್ರೂಪ್ ಸೇರಿಸುವುದನ್ನು ಮರೆತಿದ್ದೀರಿ ಎನ್ನಿ. ಪ್ರೋಗ್ರಾಂ ವಾರಗಟ್ಟಲೆ ಚೆನ್ನಾಗಿ ಓಡುತ್ತದೆ. ಒಂದು ದಿನ ಬಾಕ್ಸ್ ಎಳೆಯುವಾಗ ಯಾರದೋ ಕಾಲಿಗೆ ಸಿಕ್ಕಿ ಯುಎಸ್‌ಬಿ ಕೇಬಲ್ ಕಿತ್ತುಬರುತ್ತದೆ. ಮತ್ತೆ ಚುಚ್ಚುತ್ತಾರೆ. ಪ್ರೋಗ್ರಾಂ ಪೋರ್ಟನ್ನು ಹೊಸದಾಗಿ ತೆರೆಯಲು ಹೋಗುತ್ತದೆ, ಈಗ ಅದು 998, ತೆರೆಯಲು ಬಿಡುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಏಕೆಂದರೆ ಮತ್ತೆ ರೂಟ್ ಆಗಿ ತೆರೆಯುತ್ತದೆ. ಹೀಗಾಗಿ ಎಲ್ಲರೂ ಕೇಬಲನ್ನೇ ಬೈಯುತ್ತಾರೆ, ಅಡಾಪ್ಟರ್ ಬದಲಿಸುತ್ತಾರೆ. ಇಳಿದ ಮೇಲೆ ಮತ್ತೆ ತೆರೆಯಬೇಕಾಗಿ ಬರುವ ಯಾವುದನ್ನೂ ರೂಟ್ ಆಗಿ ತೆರೆಯಬೇಡಿ. ಇಳಿದ ಮೇಲೆಯೇ ತೆರೆಯಿರಿ, ಆಗ ಪರ್ಮಿಷನ್ ತಪ್ಪಿದ್ದರೆ ಮೊದಲ ದಿನವೇ ಗೊತ್ತಾಗುತ್ತದೆ. ಲಾಗ್ ಫೈಲಿಗೂ ಇದೇ ಮಾತು. ಲಾಗ್‌ರೊಟೇಟ್ ಹಳೆಯದನ್ನು ಸರಿಸಿ ಹೊಸದನ್ನು ರೂಟ್ ಹೆಸರಲ್ಲಿ ಸೃಷ್ಟಿಸಿದರೆ ಪ್ರೋಗ್ರಾಂ ಬರೆಯಲಾರದು. ಅದರ ಕಾನ್ಫಿಗ್‌ನಲ್ಲಿ ‘ಕ್ರಿಯೇಟ್ 0640 ಮಂಡಿ ಮಂಡಿ’ ಎಂದು ಬರೆಯಿರಿ.

ಇನ್ನೊಂದು: ಮಾಮೂಲಿ ಸೆಟ್ಟಿಂಗ್‌ನಲ್ಲಿ, ಹೀಗೆ ಗುರುತು ಬದಲಿಸಿದ ಪ್ರೋಸೆಸ್ ಬಿದ್ದರೆ ಕೋರ್ ಡಂಪ್ (ಬಿದ್ದ ಕ್ಷಣದ ನೆನಪಿನ ಪ್ರತಿ) ಬರುವುದಿಲ್ಲ. ನೆನಪಿನಲ್ಲಿ ರೂಟ್ ಕಾಲದ ಗುಟ್ಟುಗಳು ಉಳಿದಿರಬಹುದು ಎಂದು ಕರ್ನಲ್ ತಡೆಯುತ್ತದೆ.

ಗ್ರೂಪ್ ಸೇರಿಸಿದೆ, ಆದರೂ ಆಗುತ್ತಿಲ್ಲ

ಆರ್ಡ್ವಿನೊ ಬೋರ್ಡ್ ಹಿಡಿದ ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಯಿಂದ ಹಿಡಿದು ಎಲ್ಲರೂ ಕೇಳುವ ಪ್ರಶ್ನೆ ಇದು. ಯೂಸರ್‌ಮಾಡ್ ಬರೆಯುವುದು ಗ್ರೂಪ್ ಫೈಲಿಗೆ. ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ಕರ್ನಲ್‌ನಲ್ಲಿದೆ. ಅದು ಲಾಗಿನ್ ಆಗುವಾಗ ಒಮ್ಮೆ ತುಂಬಿ, ಅಲ್ಲಿಂದ ಮಕ್ಕಳು ಮೊಮ್ಮಕ್ಕಳಿಗೆ ಹರಿದುಬರುತ್ತದೆ. ‘ಐಡಿ’ ಎಂದರೆ ಈಗಿನ ಶೆಲ್‌ನ ಪಟ್ಟಿ. ‘ಐಡಿ’ ಮುಂದೆ ನಿಮ್ಮ ಯೂಸರ್ ಹೆಸರು ಕೊಟ್ಟರೆ ಫೈಲಿನಲ್ಲಿರುವ ಪಟ್ಟಿ. ಎರಡಕ್ಕೂ ವ್ಯತ್ಯಾಸ ಕಂಡರೆ ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ಟರ್ಮಿನಲ್ ಮುಚ್ಚಿದರೂ ಸೆಷನ್ ಉಳಿಸುವ ಟಿಮಕ್ಸ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಅದು ಹಳೆಯ ಪಟ್ಟಿಯನ್ನೇ ಹಿಡಿದಿರುತ್ತದೆ, ಅದನ್ನೂ ಮುಚ್ಚಬೇಕು. ಅರ್ಜೆಂಟ್ ಇದ್ದರೆ ‘ನ್ಯೂಜಿಆರ್‌ಪಿ ಡಯಲ್‌ಔಟ್’ ಎಂದರೆ ಆ ಗ್ರೂಪ್ ಇರುವ ಹೊಸ ಶೆಲ್ ಸಿಗುತ್ತದೆ, ಆ ಶೆಲ್‌ಗೆ ಮಾತ್ರ.

ಹಾಗೆಯೇ, ಕಂಟೇನರ್ ಓಡಿಸುವ ಡಾಕರ್‌ನ ಗ್ರೂಪ್‌ಗೆ ಯಾರನ್ನಾದರೂ ಸೇರಿಸುವುದು ಎಂದರೆ ಅವರಿಗೆ ರೂಟ್ ಕೊಟ್ಟಂತೆಯೇ ಲೆಕ್ಕ.

ಸೆಟ್‌ಯುಐಡಿ ಬಿಟ್

ಮೇಲೆ ಹೇಳಿದ್ದು ಇಳಿಯುವ ದಾರಿ. ಏರುವ ದಾರಿ ಸೆಟ್‌ಯುಐಡಿ ಬಿಟ್. ‘ಚ್‌ಮಾಡ್ 4755’ ಮೂಲಕ ಬರುತ್ತದೆ. ಆ ಫೈಲನ್ನು ಯಾರು ಓಡಿಸಿದರೂ ಎಫೆಕ್ಟಿವ್ ಮತ್ತು ಸೇವ್ಡ್ ಎರಡೂ ಫೈಲಿನ ಮಾಲೀಕನ ನಂಬರ್ ಆಗುತ್ತವೆ, ರಿಯಲ್ ಮಾತ್ರ ಓಡಿಸಿದವರದ್ದೇ. ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಡೆನಿಸ್ ರಿಚಿ ಅವರ ಕಲ್ಪನೆ ಇದು. 1973ರಲ್ಲಿ ಅರ್ಜಿ ಹಾಕಿ 1979ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು.

ನೀವು ಬರೆದ ಪ್ರೋಗ್ರಾಂಗೆ ಈ ಬಿಟ್ ಹಾಕಬೇಡಿ. ಅದನ್ನು ಸರಿಯಾಗಿ ಕಾಯುವುದು ಕಷ್ಟ: ಎನ್ವಿರಾನ್‌ಮೆಂಟ್, ತೆರೆದ ಫೈಲುಗಳು, ಯುಮಾಸ್ಕ್, ಸಿಗ್ನಲ್‌ಗಳು ಎಲ್ಲವೂ ಓಡಿಸಿದವರ ಕೈಯಿಂದ ಬರುತ್ತವೆ. ಹಾಕಿದರೂ ಕೆಲಸ ಮಾಡದ ಕಡೆಗಳಿವೆ ಎಂಬುದನ್ನು ತಿಳಿದಿರಿ. ಶೆಲ್ ಸ್ಕ್ರಿಪ್ಟ್ ಮೇಲೆ ಹಾಕಿದರೆ ಲಿನಕ್ಸ್ ಲೆಕ್ಕಿಸುವುದೇ ಇಲ್ಲ. ‘ನೋಸುಯಿಡ್’ ಎಂದು ಮೌಂಟ್ ಮಾಡಿದ ಡಿಸ್ಕಿನಲ್ಲಿ ನಡೆಯುವುದಿಲ್ಲ. ಪ್ರೋಗ್ರಾಂ ಒಳಗಿಂದ ಬ್ಯಾಶ್ ಶೆಲ್ ಓಡಿಸಿದರೆ, ಎಫೆಕ್ಟಿವ್ ಮತ್ತು ರಿಯಲ್ ಬೇರೆ ಇರುವುದನ್ನು ಕಂಡು ಬ್ಯಾಶ್ ತಾನೇ ರಿಯಲ್‌ಗೆ ಇಳಿಯುತ್ತದೆ. ‘ಚ್‌ಓನ್’ ಮಾಡಿದರೆ ಬಿಟ್ ಅಳಿಸಿಹೋಗುತ್ತದೆ, ಆದ್ದರಿಂದ ಮೊದಲು ಚ್‌ಓನ್, ಆಮೇಲೆ ಚ್‌ಮಾಡ್. ಯಂತ್ರದಲ್ಲಿ ಈಗಾಗಲೇ ಇಂಥವು ಎಷ್ಟಿವೆ ನೋಡಲು ‘ಫೈಂಡ್’ಗೆ ‘-ಪರ್ಮ್ -4000’ ಕೊಡಿ.

ಕೋಡ್ ಬರೆಯದೆ ಆಗುವುದಾದರೆ ಅದೇ ವಾಸಿ

ಹೊಸ ಡೀಮನ್ ಬರೆಯುತ್ತಿದ್ದರೆ ಮೇಲಿನ ಆರು ಹೆಜ್ಜೆಗಳನ್ನು ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಂಡಿಗೆ ಬಿಟ್ಟುಬಿಡಿ. ಪ್ರೋಗ್ರಾಂ ಹುಟ್ಟುವಾಗಲೇ 998 ಆಗಿ ಹುಟ್ಟಿದರೆ ಇಳಿಯುವ ಮಾತೇ ಇಲ್ಲ. ಸರ್ವಿಸ್ ಫೈಲಿನಲ್ಲಿ:

ಯೂಸರ್=ಮಂಡಿ
ಗ್ರೂಪ್=ಮಂಡಿ
ಸಪ್ಲಿಮೆಂಟರಿಗ್ರೂಪ್ಸ್=ಡಯಲ್‌ಔಟ್
ಆಂಬಿಯಂಟ್‌ಕೇಪಬಿಲಿಟೀಸ್=ಕ್ಯಾಪ್_ನೆಟ್_ಬೈಂಡ್_ಸರ್ವಿಸ್
ಕೇಪಬಿಲಿಟಿಬೌಂಡಿಂಗ್‌ಸೆಟ್=ಕ್ಯಾಪ್_ನೆಟ್_ಬೈಂಡ್_ಸರ್ವಿಸ್
ನೋನ್ಯೂಪ್ರಿವಿಲೇಜಸ್=ಯೆಸ್
ಸ್ಟೇಟ್‌ಡೈರೆಕ್ಟರಿ=ಮಂಡಿ
ಲಾಗ್ಸ್‌ಡೈರೆಕ್ಟರಿ=ಮಂಡಿ

ಆಂಬಿಯಂಟ್ ಸಾಲಿನಿಂದ ರೂಟ್ ಅಲ್ಲದೆಯೇ 80ನೇ ಪೋರ್ಟ್ ಸಿಗುತ್ತದೆ, ಕರ್ನಲ್ 4.3 ಅಥವಾ ಹೊಸದು ಬೇಕು. ಬೌಂಡಿಂಗ್ ಸಾಲು ಅದೊಂದನ್ನು ಬಿಟ್ಟು ಬೇರೆ ಯಾವ ಕೇಪಬಿಲಿಟಿಯೂ ಮುಂದೆಂದೂ ಸಿಗದಂತೆ ಮಾಡುತ್ತದೆ. ನೋನ್ಯೂಪ್ರಿವಿಲೇಜಸ್ ಇದ್ದರೆ ಸೆಟ್‌ಯುಐಡಿ ಬಿಟ್ ಇರುವ ಪ್ರೋಗ್ರಾಂ ಓಡಿಸಿದರೂ ಏರಲು ಆಗುವುದಿಲ್ಲ, ಸುಡೋ ಕೂಡ ನಡೆಯುವುದಿಲ್ಲ. ಗುಪ್ತ ಕೀಗೆ ಸಿಸ್ಟಂಡಿ 247ರಿಂದ ‘ಲೋಡ್‌ಕ್ರೆಡೆನ್ಶಿಯಲ್’ ಇದೆ: ರೂಟ್ ಫೈಲನ್ನು ಸಿಸ್ಟಂಡಿ ಓದಿ ಈ ಸರ್ವಿಸ್‌ಗೆ ಮಾತ್ರ ಕಾಣುವ ಜಾಗದಲ್ಲಿ ಇಡುತ್ತದೆ. ಶುರುವಾಗುವ ಮುನ್ನ ರೂಟ್ ಆಗಿ ಏನಾದರೂ ಒಂದು ಕಮಾಂಡ್ ಓಡಲೇಬೇಕಿದ್ದರೆ ‘ಎಕ್ಸೆಕ್‌ಸ್ಟಾರ್ಟ್‌ಪ್ರೀ’ ಸಾಲಿನಲ್ಲಿ ಕಮಾಂಡಿನ ಶುರುವಿಗೆ ಒಂದು + ಹಾಕಿ.

ಸರ್ವಿಸ್ ಏಳದಿದ್ದಾಗ ‘ಸಿಸ್ಟಂಸಿಟಿಎಲ್ ಸ್ಟೇಟಸ್’ನಲ್ಲಿ 217 ಕಂಡರೆ ಯೂಸರ್ ಹೆಸರು ಸಿಗುತ್ತಿಲ್ಲ, 216 ಕಂಡರೆ ಗ್ರೂಪ್ ಹೆಸರು ಸಿಗುತ್ತಿಲ್ಲ ಎಂದು ಮೊದಲು ನೋಡಿ. ಸ್ಪೆಲಿಂಗ್ ತಪ್ಪಿರುವುದೇ ಹೆಚ್ಚು. ಇನ್ನೊಂದು ಡಿಸ್ಟ್ರೋಗೆ ಫೈಲ್ ಕಾಪಿ ಮಾಡಿದಾಗ ಡಯಲ್‌ಔಟ್ ಅಲ್ಲಿ ಬೇರೆ ಹೆಸರಲ್ಲಿರಬಹುದು. ಆರ್ಚ್ ಲಿನಕ್ಸ್‌ನಲ್ಲಿ ಅದು ‘ಯುಯುಸಿಪಿ’.

ಸ್ಕ್ರಿಪ್ಟ್‌ನಲ್ಲಿ, ಕಂಟೇನರ್‌ನ ಶುರುವಿನ ಕಮಾಂಡ್‌ನಲ್ಲಿ ಇಳಿಯಬೇಕಿದ್ದರೆ ‘ಸೆಟ್‌ಪ್ರಿವ್’ ಬಳಸಿ:

ಸೆಟ್‌ಪ್ರಿವ್ --ರಿಯುಐಡಿ=ಮಂಡಿ --ರಿಜಿಐಡಿ=ಮಂಡಿ --ಇನಿಟ್-ಗ್ರೂಪ್ಸ್ ಐಡಿ

ಎಸ್‌ಯು, ಸುಡೋ ಎರಡೂ ಅಪ್ಪನಾಗಿ (ಪೇರೆಂಟ್ ಪ್ರೋಸೆಸ್ ಆಗಿ) ಹಿಂದೆ ಉಳಿದುಕೊಂಡು ಸಿಗ್ನಲ್‌ಗಳಲ್ಲಿ ಗೊಂದಲ ಮಾಡುತ್ತವೆ. ಸೆಟ್‌ಪ್ರಿವ್ ನಂಬರ್ ಬದಲಿಸಿ ತನ್ನ ಜಾಗದಲ್ಲೇ ನಿಮ್ಮ ಪ್ರೋಗ್ರಾಂ ಕೂರಿಸುತ್ತದೆ, ಪ್ರೋಸೆಸ್ ನಂಬರೂ ಅದೇ ಇರುತ್ತದೆ. ಎನ್ವಿರಾನ್‌ಮೆಂಟ್ ಮಾತ್ರ ಅದು ತಾನಾಗಿ ತಿದ್ದುವುದಿಲ್ಲ. ಪೈಥಾನ್ ಪ್ರೋಗ್ರಾಂನಿಂದ ಬೇರೊಂದನ್ನು ಇಳಿಸಿ ಓಡಿಸಬೇಕೆಂದರೆ 3.9ರಿಂದ ಸಬ್‌ಪ್ರೋಸೆಸ್‌ಗೆ ಯೂಸರ್, ಗ್ರೂಪ್, ಎಕ್ಸ್‌ಟ್ರಾ ಗ್ರೂಪ್ಸ್ ಎಂಬ ಆರ್ಗ್ಯುಮೆಂಟ್‌ಗಳಿವೆ. ಮೂರನ್ನೂ ಕೊಡಿ. ಯೂಸರ್ ಒಂದನ್ನೇ ಕೊಟ್ಟರೆ ಗ್ರೂಪ್‌ಗಳು ರೂಟ್‌ನವೇ ಉಳಿಯುತ್ತವೆ.